ಚಿನ್ನದ ತೇರಿನಲ್ಲಿ ಹಂಪೆಗೆ

(ಮಲಾಡಿನ ರಾಜ್ಯೋತ್ಸವ ಸಭೆಯಲ್ಲಿ ಓದಿದ ಭಾಷಣ)



ನಿಮ್ಮ ಕಿಸೆಯಲ್ಲಿ ಐವತ್ತು ರೂಪಾಯಿಯ ಹೊಸ ನೋಟು ಇದ್ದರೆ ದಯವಿಟ್ಟು ತೆಗೆದು ಅದರ ಹಿಂಬದಿಯನ್ನೊಮ್ಮೆ ನೋಡಬೇಕು. 2017ರಿಂದ ಆ ನೋಟಿನ ಮೇಲೆ ಹಂಪೆಯ ಕಲ್ಲಿನ ತೇರು ಅಚ್ಚಾಗುತ್ತ ಬಂದಿದೆ. ಸ್ಟೇಷನ್ನಿನ ಹೊರಗೆ ವಡಾಪಾವ್ ಕೊಳ್ಳುವಾಗ, ರಿಕ್ಷಾದವನಿಗೆ ಬಾಡಿಗೆ ಕೊಡುವಾಗ, ಎಷ್ಟೋ ಸಲ ಆ ತೇರು ನಮ್ಮ ಕೈ ದಾಟಿ ಹೋಗುತ್ತದೆ, ನಾವು ನೋಡುವುದಿಲ್ಲ. ಆ ತೇರನ್ನು ಕಣ್ಣಾರೆ ಕಂಡು ಬಂದ ಕತೆಯನ್ನು ಹೇಳಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಭಾಷಣಕಾರರಲ್ಲ. ಗಂಡಹೆಂಡಿರಿಬ್ಬರೂ ಕೂತು ಬರೆದುಕೊಂಡು ಬಂದುದನ್ನು ಓದುತ್ತೇವೆ. ತಪ್ಪಿದ್ದರೆ ಮನ್ನಿಸಬೇಕು.

ನಮ್ಮಲ್ಲೊಬ್ಬರು 1971ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯಿಂದ ಬಸ್ಸು ಹತ್ತಿ ಮುಂಬಯಿಗೆ ಬಂದವರು. ಆಗ ಕೊಂಕಣ ರೈಲು ಇರಲಿಲ್ಲ. ಹಗಲು ಹೋಟೆಲಿನಲ್ಲಿ ಮೇಜು ಒರಸುವುದು, ರಾತ್ರಿ ಕನ್ನಡ ಶಾಲೆಗೆ ಹೋಗುವುದು. ಮನೆಮಾತು ತುಳು, ಓದು ಬರಹ ಕನ್ನಡ. ರಾತ್ರಿಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಕಲ್ಲಿನ ತೇರಿನ ಒಂದು ಮಸುಕು ಚಿತ್ರವಿತ್ತು. ದೊಡ್ಡವನಾದ ಮೇಲೆ ಅಲ್ಲಿಗೆ ಹೋಗಬೇಕೆಂದು ಆ ಹುಡುಗ ಅಂದುಕೊಂಡ. ದೊಡ್ಡವನಾದ, ಮದುವೆಯಾಯಿತು, ಇನ್ನೊಬ್ಬರು ಮಲಾಡಿನ ಚಾಳಿನ ಕೋಣೆಗೆ ಬಂದರು, ಮಕ್ಕಳಾದುವು. ರಜೆ ಸಿಕ್ಕಿದಾಗಲೆಲ್ಲ ಊರಿಗೆ ಹೋಗುವುದು, ಕೋಲ ನೋಡುವುದು, ಮದುವೆ ಮುಂಜಿ ಮುಗಿಸಿ ತಿರುಗಿ ಬರುವುದು. ಹೀಗೆ ಐವತ್ತು ವರ್ಷಗಳು ಕಳೆದುಹೋದುವು. ಹಂಪೆ ಮಾತ್ರ ಪುಸ್ತಕದಲ್ಲೇ ಉಳಿಯಿತು. ಈ ಸಭೆಯಲ್ಲಿ ಇಂಥ ಮನೆಗಳು ನಮ್ಮದೊಂದೇ ಅಲ್ಲವೆಂದು ಬಲ್ಲೆವು.

ಹೀಗಿರಲಾಗಿ, ನಮ್ಮ ಮದುವೆಗೆ ನಲವತ್ತು ವರ್ಷ ತುಂಬಿದ ನೆಪ ಮಾಡಿಕೊಂಡು ಮಗನೂ ಮಗಳೂ ಸೇರಿ ನಮಗೆ ‘ಗೋಲ್ಡನ್ ಚಾರಿಯಟ್’ ರೈಲಿನ ಟಿಕೇಟು ತೆಗೆಸಿದರು. ಚಿನ್ನದ ತೇರು ಎಂದು ಆ ಹೆಸರಿನ ಅರ್ಥ. ಹಂಪೆಯ ಕಲ್ಲಿನ ತೇರಿನಿಂದಲೇ ಬಂದ ಹೆಸರು. 2008ರಲ್ಲಿ ಹೊರಟ ಈ ವಿಲಾಸದ ರೈಲು ಕೆಲವು ವರ್ಷ ನಿಂತುಹೋಗಿ, 2024ರ ಡಿಸೆಂಬರಿನಲ್ಲಿ ಮತ್ತೆ ಓಡತೊಡಗಿತು. ಆ ಚಳಿಗಾಲದ ಒಂದು ಓಟದಲ್ಲಿ ನಾವಿದ್ದೆವು. ಬೆಂಗಳೂರಿನಿಂದ ಹೊರಟು ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪೆ, ಗೋವೆ. ಒಟ್ಟು ಐದು ರಾತ್ರಿ. ಒಬ್ಬರಿಗೆ ನಾಲ್ಕು ಲಕ್ಷ ರೂಪಾಯಿಗೆ ಮೇಲ್ಪಟ್ಟ ದರ, ತೆರಿಗೆ ಬೇರೆ. ಮೊತ್ತವನ್ನು ಕೇಳಿದ ದಿನ ನಮಗೆ ನಿದ್ದೆ ಬರಲಿಲ್ಲ. ತಿಂಗಳಿಗೆ 15 ರೂಪಾಯಿ ಸಂಬಳಕ್ಕೆ ದುಡಿಮೆ ಮೊದಲು ಮಾಡಿದವರಿಗೆ ಹೇಗೆ ಬರಬೇಕು?

ರೈಲಿನ ಬೋಗಿಗಳಿಗೆ ನಮ್ಮ ರಾಜವಂಶಗಳ ಹೆಸರುಗಳು: ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ ಎಂದು. ಹಾಸಿಗೆ, ಸ್ನಾನದ ಮನೆ, ಊಟದ ಮನೆ, ಎಲ್ಲವೂ ಅರಮನೆಯ ಸೊಗಸು. ಆದರೆ ಮೊದಲ ರಾತ್ರಿ ಊಟಕ್ಕೆ ಕೂತಾಗ ಬಿಳಿಯ ಕೈಗವಸು ತೊಟ್ಟ ಹುಡುಗ ನೀರು ಬಡಿಸಲು ಬಂದುದನ್ನು ಕಂಡು ನಮ್ಮಲ್ಲೊಬ್ಬರು ತಟಕ್ಕನೆ ಎದ್ದು ನಿಂತುಬಿಟ್ಟರು. ಮೂವತ್ತು ವರ್ಷ ಬಡಿಸಿದ ಕೈಗೆ, ಬಡಿಸಿಕೊಳ್ಳುವುದು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹುಡುಗ ನಕ್ಕು, “ಕೂತ್ಕೊಳ್ಳಿ ಅಂಕಲ್” ಎಂದ. ಎರಡನೆಯ ದಿನದಿಂದ ಕೂತೆವು.

ಚಿಕ್ಕಮಗಳೂರಿನ ಬೆಟ್ಟಗಳ ಬಗ್ಗೆ ಎರಡು ಮಾತು ಹೇಳಬೇಕು. ಬಾಬಾಬುಡನ್‌ಗಿರಿಯ ಸಾಲು, ಅದರಲ್ಲೇ ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ; 1,900 ಮೀಟರಿಗೂ ಮಿಕ್ಕ ಎತ್ತರ. ಬಾಬಾಬುಡನ್ ಎಂಬ ಫಕೀರರು ಅರೇಬಿಯದಿಂದ ಏಳು ಕಾಫಿಬೀಜ ತಂದು ಇಲ್ಲಿ ನೆಟ್ಟರೆಂದು ಹೇಳಿಕೆಯಿದೆ. ಜೀವಮಾನವೆಲ್ಲ ಹೋಟೆಲಿನಲ್ಲಿ ಕಾಫಿ ಸೋಸಿದವರು ಅಂದು ಮೊದಲ ಬಾರಿಗೆ ಕಾಫಿಯ ಗಿಡವನ್ನು ಮುಟ್ಟಿ ನೋಡಿದೆವು.

ಮರುದಿನ ಬೆಳಗ್ಗೆ ಉಪಾಹಾರದ ಮೇಜಿನಲ್ಲಿ ಮುಂಬಯಿಯವರೇ ಆದ ಗುಜರಾತಿ ಡಾಕ್ಟರ್ ದಂಪತಿಗಳು ಜೊತೆಯಾದರು. ಹಿಂದಿನ ವರ್ಷ ಅವರು ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗಿ ಬಂದಿದ್ದರಂತೆ. ಅಲ್ಲಿಯೂ ಇಂಥದೇ ವಿಲಾಸದ ರೈಲು. ಆಂಡೀಸ್ ಪರ್ವತಗಳ ನಡುವೆ, ನದಿಯ ಕಣಿವೆಯಲ್ಲಿ, ಇಂಕಾ ಅರಸರ ಮಾಚು ಪಿಚ್ಚುವಿನ ಬುಡಕ್ಕೆ ಕೊಂಡೊಯ್ಯುತ್ತದೆ. ಆ ರೈಲಿಗೆ ಹಿರಾಮ್ ಬಿಂಗಮ್ ಎಂಬ ಅಮೆರಿಕದವನ ಹೆಸರು. 1911ರಲ್ಲಿ ಆ ಪಾಳುನಗರದ ಸುದ್ದಿಯನ್ನು ಹೊರಜಗತ್ತಿಗೆ ಸಾರಿದವನು ಅವನು; ಅಲ್ಲಿಯ ರೈತರಿಗೆ ಅದು ಮೊದಲೇ ಗೊತ್ತಿತ್ತು. 2,430 ಮೀಟರು ಎತ್ತರದಲ್ಲಿ, ಕಬ್ಬಿಣದ ಉಳಿಯಿಲ್ಲದೆ ಕಡೆದು, ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ನಡುವೆ ಚಾಕುವಿನ ಅಲಗೂ ಹೋಗುವುದಿಲ್ಲವೆಂದು ಡಾಕ್ಟರರು ಹಿಂದಿಯಲ್ಲಿ ಬಣ್ಣಿಸಿದರು.

ಮನೆಗೆ ಬಂದ ಮೇಲೆ ಓದಿ ನೋಡಿದೆವು. ಆಶ್ಚರ್ಯವೆಂದರೆ, ಇಂಕಾ ಸಾಮ್ರಾಜ್ಯವೂ ವಿಜಯನಗರವೂ ಉಚ್ಛ್ರಾಯಕ್ಕೆ ಏರಿದ್ದು ಬಹುಮಟ್ಟಿಗೆ ಒಂದೇ ಕಾಲದಲ್ಲಿ. ಕೃಷ್ಣದೇವರಾಯನು 1509ರಿಂದ 1529ರವರೆಗೆ ಹಂಪೆಯಲ್ಲಿ ಆಳುತ್ತಿದ್ದಾಗ ಪೆರುವಿನ ಕುಸ್ಕೋ ನಗರದಲ್ಲಿ ಇಂಕಾ ಅರಸರ ವೈಭವ ಇನ್ನೂ ಮುಕ್ಕಾಗಿರಲಿಲ್ಲ. 1532ರ ನವೆಂಬರಿನಲ್ಲಿ ಸ್ಪೇನಿನವರು ಅವರ ದೊರೆಯನ್ನು ಸೆರೆಹಿಡಿದರು. ನಮ್ಮಲ್ಲಿ 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ. ಕೇವಲ ಮೂವತ್ತೆರಡು ವರ್ಷಗಳ ಅಂತರದಲ್ಲಿ, ಭೂಮಿಯ ಎರಡು ಬದಿಗಳಲ್ಲಿ, ಬೆಟ್ಟಬಂಡೆಗಳ ನಡುವಣ ಎರಡು ಸಾಮ್ರಾಜ್ಯಗಳು ಮುರಿದುಬಿದ್ದುವು. ಎರಡು ಪಾಳುನಗರಗಳೂ ಇಂದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಮಾಚು ಪಿಚ್ಚು 1983ರಿಂದ, ಹಂಪೆ 1986ರಿಂದ.

ಆದರೆ ಡಾಕ್ಟರರ ಪತ್ನಿಯವರು ಹೇಳಿದ ಒಂದು ಸಂಗತಿ ನಮ್ಮ ಮನಸ್ಸಿನಲ್ಲಿ ನಾಟಿತು. ಅಷ್ಟು ದೊಡ್ಡ ರಾಜ್ಯವನ್ನು ಆಳಿದ ಇಂಕಾ ಜನರಿಗೆ ಬರೆವಣಿಗೆ ಇರಲಿಲ್ಲವಂತೆ. ಲೆಕ್ಕಪತ್ರವನ್ನೆಲ್ಲ ಬಣ್ಣಬಣ್ಣದ ದಾರಗಳಿಗೆ ಗಂಟು ಹಾಕಿ ಇಡುತ್ತಿದ್ದರು. ಅದಕ್ಕೆ ‘ಕಿಪು’ ಎಂದು ಹೆಸರು. ಗಂಟು ಓದಲು ಬಲ್ಲವರು ಕಾಲಕ್ರಮದಲ್ಲಿ ಇಲ್ಲವಾದರು. ಇಂದು ಅಂಕಿಗಳ ಗಂಟುಗಳನ್ನು ವಿದ್ವಾಂಸರು ಬಹುಮಟ್ಟಿಗೆ ಬಿಡಿಸಿದ್ದಾರೆ; ಕತೆ ಹೇಳುವ ಗಂಟುಗಳೂ ಇದ್ದುವೆಂದು ಹೇಳುತ್ತಾರೆ, ಅವನ್ನು ಓದಬಲ್ಲವರು ಇನ್ನೂ ಹುಟ್ಟಿಲ್ಲ. ದಾರಗಳು ವಸ್ತುಸಂಗ್ರಹಾಲಯಗಳಲ್ಲಿ ತೂಗುತ್ತಿವೆ, ಮಾತಿಲ್ಲ. “ನೋಡಿ ಬಹಳ ದುಃಖವಾಯಿತು” ಎಂದರು ಆ ತಾಯಿ.

ಅಂದು ಹಂಪೆ. ಹೊಸಪೇಟೆಯಲ್ಲಿ ಇಳಿಸಿ ತಂಪು ಬಸ್ಸಿನಲ್ಲಿ ಕರೆದೊಯ್ದರು. ಸುತ್ತಲೂ ಯಾರೋ ಎತ್ತಿ ಎತ್ತಿ ಪೇರಿಸಿಟ್ಟಂತೆ ಬಂಡೆಗಳ ಬೆಟ್ಟ, ನಡುವೆ ತುಂಗಭದ್ರೆ, ಅರಸರ ಕಾಲದ ಕಾಲುವೆಯ ನೀರಿನಿಂದ ಇಂದಿಗೂ ಹಸಿರಾಗಿರುವ ಗದ್ದೆ. ವಿಠ್ಠಲ ದೇವಾಲಯದ ಅಂಗಳದಲ್ಲಿ ತೇರು ಕಂಡಿತು. ಅದು ತೇರಲ್ಲ, ತೇರಿನ ರೂಪದ ಗರುಡಗುಡಿ ಎಂದು ಮಾರ್ಗದರ್ಶಿ ಇಂಗ್ಲಿಷಿನಲ್ಲಿ ವಿವರಿಸಿದ. ರಾತ್ರಿಶಾಲೆಯ ಹುಡುಗ ಕಣ್ಣೊರಸಿಕೊಂಡುದನ್ನು ಇನ್ನೊಬ್ಬರು ನೋಡಿಯೂ ನೋಡದಂತಿದ್ದರು.

ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದು ಮಾರ್ಗದರ್ಶಿ ತಿರುಗಿ, “ಕನ್ನಡದೋರಾ ಯಜಮಾನ್ರೇ? ಮೊದ್ಲೇ ಹೇಳಬಾರದೇನ್ರೀ!” ಎಂದ. ಕಮಲಾಪುರದ ಹುಡುಗ. ಆಮೇಲೆ ಅವನ ಮಾತಿನ ವರಸೆಯೇ ಬದಲಾಯಿತು. ಇಂಗ್ಲಿಷಿನಲ್ಲಿ ವರ್ಷ, ಅಳತೆ, ಅರಸರ ಹೆಸರು. ಕನ್ನಡದಲ್ಲಿ ಅವನ ಅಜ್ಜಿ, ಅವರ ಗದ್ದೆ, ಜಾತ್ರೆ, ಯಾವ ಬಂಡೆಗೆ ಊರವರು ಯಾವ ಹೆಸರು ಇಟ್ಟಿದ್ದಾರೆ ಎಂಬುದು. “ಕೃಷ್ಣದೇವರಾಯನ ವಂಶಕ್ಕೆ ತುಳುವ ವಂಶ ಅಂತಾರಲ್ರೀ, ನಿಮ್ಮ ಕಡೆಯೋರೇ” ಎಂದು ನಮ್ಮನ್ನು ಉಬ್ಬಿಸಿದ. ನಾಲ್ಕು ಲಕ್ಷದ ಟಿಕೇಟಿನಲ್ಲಿ ಸೇರಿರದಿದ್ದ ಭಾಗ್ಯ ಅದು.

ಸಂಜೆ ವಿರೂಪಾಕ್ಷನ ಗುಡಿ. ಅಲ್ಲಿ ರಂಗಮಂಟಪದ ಬಳಿ ಕೃಷ್ಣದೇವರಾಯನ 1510ರ ಶಾಸನವಿದೆ. ತನ್ನ ಪಟ್ಟಾಭಿಷೇಕದ ಕಾಲದಲ್ಲಿ ದೇವರಿಗೆ ಮಂಟಪ ಗೋಪುರಗಳನ್ನು ಮಾಡಿಸಿದುದನ್ನು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಕೆತ್ತಿಸಿದ್ದಾನೆ. ಅಕ್ಷರಗಳು ಇಂದಿನವಕ್ಕಿಂತ ತುಸು ಬೇರೆ. ಆದರೂ ಗುರುತು ಹತ್ತದಷ್ಟು ದೂರವಲ್ಲ. ಬೆರಳಿಟ್ಟು ನಾಲ್ಕಾರು ಅಕ್ಷರಗಳನ್ನು ಕೂಡಿಸಿ ಓದಿದೆವು. ಐನೂರು ವರ್ಷಗಳ ಆಚೆಯಿಂದ ಯಾರೋ ಹೆಸರು ಹಿಡಿದು ಕೂಗಿದಂತಾಯಿತು.

ಆ ಸಂತೋಷದಲ್ಲಿ ಮಲಾಡಿನ ಮನೆಗೆ ಫೋನು ಮಾಡಿ, ಆರನೆಯ ತರಗತಿಯ ಮೊಮ್ಮಗಳಿಗೆ ಪರದೆಯ ಮೇಲೆ ಆ ಕಲ್ಲನ್ನು ತೋರಿಸಿದೆವು. ಬಲು ಚುರುಕು ಹುಡುಗಿ. ಮರಾಠಿ, ಹಿಂದಿ, ಇಂಗ್ಲಿಷು ಮೂರನ್ನೂ ಓದುತ್ತಾಳೆ, ತುಳು ಮಾತಾಡುತ್ತಾಳೆ, ಕನ್ನಡ ತಿಳಿಯುತ್ತದೆ. ಅವಳು ಸ್ವಲ್ಪ ಹೊತ್ತು ನೋಡಿ ಕೇಳಿದಳು: “ಡಿಸೈನ್ ಚೆನ್ನಾಗಿದೆ ಅಜ್ಜಾ. ಹೂವಾ, ಬಳ್ಳಿಯಾ?”

ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಬೆಳಗ್ಗೆ ಕೇಳಿದ ಗಂಟಿನ ದಾರಗಳು ಕಣ್ಣೆದುರಿಗೆ ತೂಗಿದುವು.

ಸ್ನೇಹಿತರೇ, ಆ ಮಗುವಿನದು ತಪ್ಪೆಂದು ಹೇಳಲಾರೆವು. ಹೇಳಿಕೊಡದಿದ್ದವರು ನಾವು. ಮಕ್ಕಳಿಗೆ ಒಳ್ಳೆಯ ಶಾಲೆ ಬೇಕೆಂದು ನಾವೇ ಇಂಗ್ಲಿಷು ಮಾಧ್ಯಮಕ್ಕೆ ಹಾಕಿದೆವು. ಹಾಕಿದ್ದರಿಂದಲೇ ಅವರು ದುಡಿದು ನಮಗೆ ಚಿನ್ನದ ತೇರಿನ ಟಿಕೇಟು ತೆಗೆಸಿಕೊಟ್ಟರು ಎಂಬುದೂ ನಿಜ. ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ಇಂಕಾ ಜನರಿಗೆ ಬಂದ ಗತಿ ದಂಡೆತ್ತಿ ಬಂದವರಿಂದ ಬಂದದ್ದು. ನಮ್ಮ ಮನೆಯ ಅಕ್ಷರಗಳನ್ನು ಯಾರೂ ಸುಲಿಗೆ ಮಾಡಲಿಲ್ಲ. ರಾತ್ರಿ ಹತ್ತು ಗಂಟೆಗೆ ಎಂಜಲು ಮೇಜು ಒರಸಿ, ನಿದ್ದೆಗಣ್ಣಿನಲ್ಲಿ ಕಲಿತ ಅಕ್ಷರಗಳು ಅವು. ಮೊಮ್ಮಗಳಿಗೆ ದಾಟಿಸಲು ಅರ್ಧ ಗಂಟೆಯ ಬಿಡುವು ನಮಗೆ ಸಿಕ್ಕಲಿಲ್ಲ, ಅಷ್ಟೆ.

ಮಗ ಈಗ ಮುಂದಿನ ವರ್ಷ ಪೆರುವಿಗೇ ಕಳುಹಿಸುತ್ತೇನೆ ಎನ್ನುತ್ತಾನೆ. ಬೇಡವೆಂದಿದ್ದೇವೆ. ಒಂದು ಟಿಕೇಟಿಗೆ ಆದಷ್ಟೇ ಹಣವನ್ನು ಸಂಘಕ್ಕೆ ಕೊಡು ಎಂದೆವು, ಒಪ್ಪಿದ್ದಾನೆ. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸಿನಿಂದ ಗದಗದ ಮೇಲೆ ಹೊಸಪೇಟೆಗೆ ಸಾಮಾನ್ಯ ರೈಲೇ ಇದೆ. ಇಬ್ಬರಲ್ಲಿ ಒಬ್ಬರು ಐದು ರಾತ್ರಿ ಅರಮನೆಯ ಹಾಸಿಗೆಯಲ್ಲಿ ಮಲಗಿದ ಹಣದಲ್ಲಿ ಮೂವತ್ತು ನಲವತ್ತು ಮಕ್ಕಳು ಸ್ಲೀಪರು ಬೋಗಿಯಲ್ಲಿ ಹೋಗಿ, ಸಾಧಾರಣ ವಸತಿಯಲ್ಲಿ ಉಳಿದು, ಹಂಪೆಯನ್ನು ಕಂಡು ಬರಬಹುದು. ತೋರಿಸಲು ಕಮಲಾಪುರದ ಹುಡುಗನಿದ್ದಾನೆ. ಕನ್ನಡದಲ್ಲೇ ಹೇಳುತ್ತೇನೆಂದು ಮಾತು ಕೊಟ್ಟಿದ್ದಾನೆ.

ಆದರೆ ನಮ್ಮದೊಂದು ಷರತ್ತು. ಹೊರಡುವ ಮೊದಲು ಮಕ್ಕಳು ನಲವತ್ತೊಂಬತ್ತು ಅಕ್ಷರಗಳನ್ನು ಕಲಿತಿರಬೇಕು. ಪ್ರತಿ ಶನಿವಾರ ಸಂಜೆ ನಾವಿಬ್ಬರೂ ಸಂಘಕ್ಕೆ ಬಂದು ಹೇಳಿಕೊಡುತ್ತೇವೆ. ಮೂರು ತಿಂಗಳಾದ ಮೇಲೆ ಮೊದಲು ಹತ್ತಿರದ ಒಂದು ಪ್ರವಾಸ. ಮಲಾಡಿನಿಂದ ಎರಡನೆಯ ಸ್ಟೇಷನ್ನು ಬೋರಿವಲಿ. ಅಲ್ಲಿಯ ರಾಷ್ಟ್ರೀಯ ಉದ್ಯಾನದ ಬೆಟ್ಟದೊಳಗೆ ಕಾನ್ಹೇರಿಯ ಗುಹೆಗಳು. ಅಲ್ಲಿಯ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅದೇ ಅರಸನ ಆಸ್ಥಾನದಲ್ಲಿ. ನಾವು ಹೊಟ್ಟೆಪಾಡಿಗೆ ಬಂದು ಸೇರಿದ ಈ ನೆಲ ಅವನ ಕಾಲಕ್ಕೆ ಹೊಸದಲ್ಲವೆಂಬುದನ್ನು ಮಕ್ಕಳು ನಡೆದು ಹೋಗಿ ನೋಡಲಿ. ಆಮೇಲೆ ಹಂಪೆ.

ಇದುವರೆಗೆ ಒಂದೇ ಹೆಸರು ಬಂದಿದೆ. ಅದು ನಮ್ಮ ಮೊಮ್ಮಗಳದು. ಹೋದ ಶನಿವಾರ ಅವಳು ‘ಟ’ ಮತ್ತು ‘ಠ’ಗಳಿಗೆ ಜಗಳವಾಡಿ ಪೆನ್ಸಿಲು ಮುರಿದಳು, ವಿಠ್ಠಲನ ಗುಡಿಗೆ ಹೋಗಬೇಕಾದರೆ ಅದು ಬೇಕೇ ಬೇಕೆಂದು ಹೇಳಿದ ಮೇಲೆ ಮತ್ತೆ ಕೂತಳು. ಅವಳಿಗೆ ಜೊತೆ ಬೇಕು. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ನೋಟುಪುಸ್ತಕ ಹಿಡಿದು ನಿಂತಿರುತ್ತೇವೆ. ದಯವಿಟ್ಟು ಮಕ್ಕಳ ಹೆಸರು ಬರೆಸಿ ಹೋಗಬೇಕೆಂದು ಅರಿಕೆ ಮಾಡಿಕೊಳ್ಳುತ್ತೇವೆ.