ಕುಳ್ಳನ ಸ್ಕ್ವೇರ್ ಕಟ್



ಕಲ್ಲಡ್ಕ ಎಂದ ಕೂಡಲೇ ಹೆಚ್ಚಿನವರಿಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಗ್ಲಾಸಿನಲ್ಲಿ ಹಾಲು ಕೆಳಗೆ, ಡಿಕಾಕ್ಷನ್ ಮೇಲೆ ಬೇರೆಬೇರೆಯಾಗಿ ನಿಲ್ಲುವ ಕೆ.ಟಿ., ಅಂದರೆ ಕಲ್ಲಡ್ಕ ಟೀ. ಇನ್ನೊಂದು, ಮೆರವಣಿಗೆಗಳಲ್ಲಿ ಜನರ ತಲೆಗಳಿಗಿಂತ ಬಹಳ ಮೇಲೆ ಕುಣಿಯುತ್ತಾ ಬರುವ ಗೊಂಬೆಗಳು. ಅಷ್ಟೆತ್ತರದ ಗೊಂಬೆಗಳ ಊರಿನವನಾದ ನಾನು ಇವತ್ತು ಮಾತಾಡಲು ಹೊರಟದ್ದು ಐದಡಿ ಮೂರಿಂಚಿನ ಆಸುಪಾಸಿನ ಒಬ್ಬ ಆಟಗಾರರ ಬಗ್ಗೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಭಾರತಕ್ಕಾಗಿ 91 ಟೆಸ್ಟ್ ಆಡಿದ ಗುಂಡಪ್ಪ ರಂಗನಾಥ ವಿಶ್ವನಾಥ್. ಜಿ.ಆರ್. ವಿಶ್ವನಾಥ್ ಅಂದರೆ ಎಲ್ಲರಿಗೂ ಗೊತ್ತು. ಹಳಬರಿಗೆ ಬರೀ ವಿಶಿ.

ಆದರೆ ಮೊದಲು ಸ್ವಲ್ಪ ಟೆನ್ನಿಸ್ ಬೇಕು. ಆಟದಲ್ಲಿ ಎತ್ತರ ಏನು ಕೊಡುತ್ತದೆ, ಏನು ಕಸಿಯುತ್ತದೆ ಎಂಬ ಲೆಕ್ಕ ಟೆನ್ನಿಸ್‌ನಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಟೆನ್ನಿಸ್ ಅಂಕಣದ ಬಲೆ ನಡುಮಧ್ಯದಲ್ಲಿ 3 ಅಡಿ ಎತ್ತರ. ಸರ್ವ್ ಮಾಡುವವನು ನಿಲ್ಲುವುದು ಬಲೆಯಿಂದ 39 ಅಡಿ ಹಿಂದೆ. ಚೆಂಡು ಬಲೆ ದಾಟಿ 21 ಅಡಿಯೊಳಗೆ ನೆಲ ಮುಟ್ಟಬೇಕು. ಮನೆಯಲ್ಲಿ ಮಕ್ಕಳಿದ್ದರೆ ಈ ಮೂರು ಅಂಕಿ ಕೊಟ್ಟು ಕಾಗದದ ಮೇಲೆ ಒಂದು ನೇರ ಗೆರೆ ಎಳೆಯಲು ಹೇಳಿ. ಚೆಂಡನ್ನು ಸುಮಾರು ಎಂಟೂವರೆ ಅಡಿ ಎತ್ತರದಿಂದ ಹೊಡೆದರೆ ಮಾತ್ರ ಆ ಗೆರೆ ಬಲೆಯನ್ನು ಸವರಿಕೊಂಡು ಅಂಕಣದೊಳಗೆ ಬೀಳುತ್ತದೆ. ಅದಕ್ಕಿಂತ ಕೆಳಗಿನಿಂದ ಹೊಡೆದರೆ ಒಂದೋ ಬಲೆಗೆ, ಇಲ್ಲವೇ ಗೆರೆಯಾಚೆಗೆ. ಭೂಮಿಯ ಸೆಳೆತ ಚೆಂಡನ್ನು ಕೆಳಕ್ಕೆ ಎಳೆಯುವುದರಿಂದ, ಚೆಂಡಿಗೆ ತಿರುಗು ಕೊಡುವುದರಿಂದ ಒಂದಿಷ್ಟು ರಿಯಾಯಿತಿ ಸಿಗುತ್ತದೆ, ನಿಜ. ಆದರೂ ಬಲವಾಗಿ, ನೇರವಾಗಿ ಸರ್ವ್ ಮಾಡಬೇಕಾದರೆ ಆಳು ಎತ್ತರ ಇರಲೇಬೇಕು. ನಮ್ಮ ಕೊಡಗಿನ ರೋಹನ್ ಬೋಪಣ್ಣ ಆರಡಿ ಮೀರಿದ ಆಳು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆ ಗೆಲುವಿನಲ್ಲಿ ಅವರ ಸರ್ವ್‌ಗೆ ದೊಡ್ಡ ಪಾಲಿದೆ.

ಈ ಲೆಕ್ಕವನ್ನು ಎದುರು ಹಾಕಿಕೊಂಡು ಬದುಕಿದವರು ಅರ್ಜೆಂಟೀನಾದ ಡಿಯಾಗೊ ಶ್ವಾರ್ಟ್ಸ್‌ಮನ್. ಎತ್ತರ 170 ಸೆಂಟಿಮೀಟರ್, ಅಂದರೆ ಐದಡಿ ಏಳಿಂಚು. ನಮ್ಮೂರಿನ ಬಸ್ಸಿನಲ್ಲಿ ಅದು ಸಾಧಾರಣ ಎತ್ತರ, ಟೆನ್ನಿಸ್‌ನಲ್ಲಿ ಅದೇ ಕುಳ್ಳು. 2020ರಲ್ಲಿ ರೋಮ್‌ನಲ್ಲಿ ರಫೆಲ್ ನಡಾಲ್ ಅವರನ್ನು ಮಣ್ಣಿನ ಅಂಕಣದಲ್ಲೇ ಸೋಲಿಸಿ, ಮರುತಿಂಗಳು ಫ್ರೆಂಚ್ ಓಪನ್ ಸೆಮಿಫೈನಲ್ ಮುಟ್ಟಿ, ಜಗತ್ತಿನ 8ನೆಯ ಸ್ಥಾನಕ್ಕೆ ಏರಿದರು. ನಾಲ್ಕು ಪ್ರಶಸ್ತಿ ಗೆದ್ದು, 2025ರ ಫೆಬ್ರವರಿಯಲ್ಲಿ ತಮ್ಮ ಊರಾದ ಬ್ಯೂನಸ್ ಐರಿಸ್‌ನಲ್ಲಿ ಆಟ ಮುಗಿಸಿದರು. ಅವರ ಸರ್ವ್ ಯಾರಿಗೂ ಹೆದರಿಕೆ ಹುಟ್ಟಿಸಿದ್ದಲ್ಲ. ಎದುರಾಳಿಗಳು ಹೆದರುತ್ತಿದ್ದದ್ದು ತಾವು ಸರ್ವ್ ಮಾಡಿದಾಗ ಆ ಕುಳ್ಳ ಅದನ್ನು ಹಿಂದಿರುಗಿಸುವ ಬಗೆಗೆ.

ನಾನು ಹೇಳಬೇಕೆಂದಿರುವ ಮಾತು ಇಲ್ಲೇ ಇರುವುದು. ಚೆಂಡನ್ನು ಶುರುಮಾಡುವವನಿಗೆ ಎತ್ತರ ಬೇಕು. ಬಂದ ಚೆಂಡಿಗೆ ಉತ್ತರ ಕೊಡುವವನಿಗೆ ಅದು ಅಷ್ಟು ಬೇಡ, ಕೆಲವೊಮ್ಮೆ ಅಡ್ಡಿಯೂ ಆಗಬಹುದು. ಕ್ರಿಕೆಟ್‌ನಲ್ಲಿ ಬ್ಯಾಟ್ ಹಿಡಿದವನು ಜೀವನಪೂರ್ತಿ ಉತ್ತರ ಕೊಡುವವನೇ. ಅವನಿಗೆ ಸರ್ವ್ ಎಂಬುದೇ ಇಲ್ಲ.

ಇದು ಆಯ್ಕೆ ಮಾಡುವವರಿಗೆ ಮಾತ್ರ ಸುಲಭವಾಗಿ ತಲೆಗೆ ಹೋಗುವುದಿಲ್ಲ. ವಿಶ್ವನಾಥ್ ಹುಡುಗನಾಗಿದ್ದಾಗ ಶಾಲಾ ತಂಡಗಳ ಆಯ್ಕೆಯಲ್ಲಿ ತೀರಾ ಚಿಕ್ಕವ, ಬಡಕಲು ಎಂದು ಬದಿಗೆ ಸರಿಸಲ್ಪಟ್ಟವರು. ಆದರೆ 1967ರ ನವೆಂಬರ್‌ನಲ್ಲಿ ಮೈಸೂರು ರಾಜ್ಯದ ಪರವಾಗಿ ಆಂಧ್ರದ ವಿರುದ್ಧ ಮೊದಲ ರಣಜಿ ಪಂದ್ಯ ಆಡಲು ಇಳಿದವರೇ 230 ರನ್ ಹೊಡೆದರು. ಹದಿನೆಂಟು ವರ್ಷದ ಹುಡುಗ, ಮೊದಲ ಪಂದ್ಯ, ದ್ವಿಶತಕ. ಇನ್ನೇನು ಹೇಳುವುದುಂಟು?

ಎರಡು ವರ್ಷದ ನಂತರ, 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಪೆವಿಲಿಯನ್‌ಗೆ ಮರಳಿ ಮುದುಡಿ ಕೂತಿದ್ದ ಹುಡುಗನ ಬಳಿ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಬಂದು, ಚಿಂತೆ ಬಿಡು, ನೀನು ನೂರು ಹೊಡೆಯುತ್ತೀ ಎಂಬರ್ಥದ ಮಾತಾಡಿದರು ಎಂದು ವಿಶ್ವನಾಥ್ ಮುಂದೆ ಎಷ್ಟೋ ಸಲ ನೆನೆದಿದ್ದಾರೆ. ಎರಡನೆಯ ಇನಿಂಗ್ಸ್‌ನಲ್ಲಿ ಬಂದದ್ದು 137, ಅದರಲ್ಲಿ 25 ಬೌಂಡರಿ. ನೂರು ರನ್ ಬೌಂಡರಿಗಳಿಂದಲೇ ಬಂದ ಹಾಗಾಯಿತು. ಅದುವರೆಗೆ ಮೊದಲ ಟೆಸ್ಟ್‌ನಲ್ಲಿ ನೂರು ಹೊಡೆದ ಭಾರತೀಯರು, ಲಾಲಾ ಅಮರನಾಥ್‌ರಿಂದ ಹನುಮಂತ ಸಿಂಗ್‌ವರೆಗೆ, ಯಾರೂ ಮತ್ತೊಂದು ಶತಕ ಕಂಡಿರಲಿಲ್ಲ. ಶಾಪ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ವಿಶ್ವನಾಥ್ ಇನ್ನೂ 13 ಶತಕ ಹೊಡೆದು ಆ ಮಾತನ್ನು ಮುಗಿಸಿದರು.

ಈಗ ಅವರ ಸ್ಕ್ವೇರ್ ಕಟ್. ರೇಡಿಯೋದಲ್ಲಿ ಹೊಡೆತ ತೋರಿಸಲು ಬರುವುದಿಲ್ಲ, ನೀವು ಊಹಿಸಿಕೊಳ್ಳಬೇಕು.

ಕ್ರಿಕೆಟ್ ಪಿಚ್ 22 ಗಜ ಉದ್ದ. ವೇಗದ ಬೌಲರ್ ಕೈಬಿಟ್ಟ ಚೆಂಡು ಅರ್ಧ ಸೆಕೆಂಡಿನೊಳಗೆ ಬ್ಯಾಟಿನ ಬಳಿ ಇರುತ್ತದೆ. ಎತ್ತರದ ಬ್ಯಾಟ್ಸ್‌ಮನ್ ಏನು ಮಾಡುತ್ತಾನೆ? ಉದ್ದ ಕಾಲು ಮುಂದಿಟ್ಟು, ಚೆಂಡು ನೆಲಕ್ಕೆ ಬಿದ್ದು ಏಳುವ ಮೊದಲೇ ಅದರ ಮೇಲೆ ಬ್ಯಾಟ್ ಒತ್ತಿಬಿಡುತ್ತಾನೆ. ಕುಳ್ಳನ ಹೆಜ್ಜೆ ಅಲ್ಲಿಯವರೆಗೆ ಮುಟ್ಟುವುದಿಲ್ಲ. ಅರ್ಧ ದಾರಿಯಲ್ಲಿ ನಿಂತರೆ ಏಳುವ ಚೆಂಡು ಬ್ಯಾಟಿನ ಅಂಚು ಸವರಿ ಸ್ಲಿಪ್‌ಗೆ ಹೋಗುತ್ತದೆ. ಹಾಗಾಗಿ ಅವನು ಹಿಂದಕ್ಕೆ ಹೋಗಲು ಕಲಿಯುತ್ತಾನೆ. ಒಂದು ಮೀಟರ್ ಹಿಂದೆ ಸರಿದರೆ ಸಿಗುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು ಮಾತ್ರ. ಆದರೆ ಒಟ್ಟು ಇರುವುದೇ ಅರ್ಧ ಸೆಕೆಂಡಾದಾಗ ಅಷ್ಟು ಸಾಕು. ಚೆಂಡು ಯಾವ ಕಡೆ ತಿರುಗಿತು, ಎಷ್ಟು ಎದ್ದಿತು ಎಂದು ನೋಡಿಯೇ ಹೊಡೆಯಬಹುದು. ತಡವಾಗಿ ಆಡುವುದು ಎಂದರೆ ಇದೇ.

ಎತ್ತರದವನಿಗೆ ಸೊಂಟದ ಮಟ್ಟಕ್ಕೆ ಬರುವ ಚೆಂಡು ವಿಶ್ವನಾಥ್ ಅವರಿಗೆ ಎದೆಯ ಮಟ್ಟಕ್ಕೆ ಬರುತ್ತಿತ್ತು. ಅದನ್ನು ಅಡ್ಡಬ್ಯಾಟಿನಲ್ಲಿ ಹೊಡೆದರೆ ಗಾಳಿಯಲ್ಲಿ ಹೋಗಿ ಕ್ಯಾಚ್ ಆಗಬೇಕು. ಅವರು ತುದಿಗಾಲಲ್ಲಿ ಎದ್ದು, ಚೆಂಡು ತಮ್ಮ ಪಕ್ಕಕ್ಕೆ ಬರುವವರೆಗೆ ಕಾದು, ಮೇಲಿನಿಂದ ಕೆಳಕ್ಕೆ ಕಡಿಯುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗುತ್ತಿತ್ತು. ಬಲಿತ ಅಡಿಕೆಯನ್ನು ಸುಲಿಯುವ ಕತ್ತಿಗೆ ಒತ್ತಿ ತಿರುಗಿಸುವವರ ಕೈ ನೋಡಿದ್ದೀರಲ್ಲ, ಬಲ ತೋಳಿನದ್ದಲ್ಲ, ಆ ಚಿಕ್ಕ ತಿರುವಿನದ್ದು. ಚೆಂಡು ನೆಲಕ್ಕೆ ಅಂಟಿಕೊಂಡು ಪಾಯಿಂಟ್ ಮತ್ತು ಗಲ್ಲಿಯ ನಡುವೆ ಹೋಗುತ್ತಿತ್ತು. ಬೌಲರ್‌ಗೆ ಇನ್ನೊಂದು ತಲೆನೋವು. ಬೇರೆಯವರಿಗೆ ಒಳ್ಳೆಯ ಅಳತೆಯ ಚೆಂಡಾದದ್ದು ಈ ಮನುಷ್ಯನಿಗೆ ಕಟ್ ಮಾಡಲು ಸಾಕಷ್ಟು ಎದ್ದ ಚೆಂಡು. ಅಳತೆ ಬದಲಿಸಿ ಮುಂದೆ ಹಾಕಿದರೆ ಡ್ರೈವ್, ಕಾಲಿನ ಕಡೆ ಹಾಕಿದರೆ ಫ್ಲಿಕ್, ಬೌನ್ಸರ್ ಹಾಕಿದರೆ ತಲೆಯ ಮೇಲಿಂದ ಹಾದು ಹೋಗುತ್ತದೆ.

ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು 1975ರ ಜನವರಿಯಲ್ಲಿ, ಮದ್ರಾಸಿನ ಚೆಪಾಕ್‌ನಲ್ಲಿ. ಎದುರಿಗೆ ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್, ಚೆಂಡು ಆಂಡಿ ರಾಬರ್ಟ್ಸ್ ಕೈಯಲ್ಲಿ. ಸರಣಿಯ ಮೊದಲೆರಡು ಟೆಸ್ಟ್ ಸೋತಿದ್ದ ಭಾರತ, ವಿಶ್ವನಾಥ್ ಅವರ 139 ರನ್‌ಗಳ ಬಲದಿಂದ ಕಲ್ಕತ್ತಾದಲ್ಲಿ ಗೆದ್ದು ಬಂದಿತ್ತು. ಚೆಪಾಕ್‌ನ ಮೊದಲ ಇನಿಂಗ್ಸ್‌ನಲ್ಲಿ ರಾಬರ್ಟ್ಸ್ 64 ರನ್ ಕೊಟ್ಟು 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಒಬ್ಬರದೇ 97, ಅಜೇಯ. ಉಳಿದ ಹತ್ತು ಜನ ಮತ್ತು ಇತರೆ ರನ್ ಎಲ್ಲ ಸೇರಿ 93. ಕೊನೆಗೆ ಜೊತೆಗಿದ್ದವರು ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್. ಜಗತ್ತಿನ ಅದ್ಭುತ ಬೌಲರ್, ಬ್ಯಾಟ್ ಹಿಡಿದರೆ ಮಾತ್ರ ದೇವರೇ ಗತಿ. ಮೂರು ರನ್ ಬಾಕಿ ಇರುವಾಗ ಚಂದ್ರ ಔಟಾದರು. ಶತಕ ತಪ್ಪಿತು, ಪಂದ್ಯ ತಪ್ಪಲಿಲ್ಲ. ಭಾರತ 100 ರನ್‌ಗಳಿಂದ ಗೆದ್ದಿತು. ಅವರ 14 ಶತಕಗಳಿಗಿಂತ ಈ 97 ದೊಡ್ಡದು ಎನ್ನುವವರಲ್ಲಿ ನಾನೂ ಒಬ್ಬ.

ಆ ಶತಕಗಳ ಬಗ್ಗೆಯೂ ಒಂದು ಸಂಗತಿ ಉಂಟು. ವಿಶ್ವನಾಥ್ ನೂರು ಹೊಡೆದ ಒಂದು ಟೆಸ್ಟನ್ನೂ ಭಾರತ ಸೋತಿಲ್ಲ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗೆಲ್ಲಲು 403 ಬೇಕಿತ್ತು. ಅದುವರೆಗೆ ನಾಲ್ಕನೆಯ ಇನಿಂಗ್ಸ್‌ನಲ್ಲಿ ನಾನೂರು ದಾಟಿ ಗೆದ್ದದ್ದು ಬ್ರಾಡ್‌ಮನ್ ಅವರ ತಂಡ ಮಾತ್ರ. ಸುನಿಲ್ ಗವಾಸ್ಕರ್ 102, ವಿಶ್ವನಾಥ್ 112 ಹೊಡೆದು ಆ ಗುರಿ ಮುಟ್ಟಿಸಿದರು. ಗವಾಸ್ಕರ್ ಕೂಡ ಕುಳ್ಳರೇ. ಮುಂದೆ ಇಬ್ಬರೂ ನೆಂಟರಾದರು, ಗವಾಸ್ಕರ್ ತಂಗಿ ಕವಿತಾ ಅವರನ್ನು ವಿಶ್ವನಾಥ್ ಮದುವೆಯಾದರು. 1981ರಲ್ಲಿ ಮೆಲ್ಬರ್ನ್‌ನಲ್ಲಿ 114. ಆ ಪಂದ್ಯದ ಕೊನೆಯಲ್ಲಿ ಆಸ್ಟ್ರೇಲಿಯಾ 83ಕ್ಕೆ ಕುಸಿದದ್ದು ಎಲ್ಲರಿಗೂ ನೆನಪಿದೆ, ಅದಕ್ಕೆ ಮೊದಲಿನ ಆ 114 ಅಷ್ಟಾಗಿ ನೆನಪಿಲ್ಲ. ಸರಾಸರಿಯ ಪುಸ್ತಕ ತೆರೆದರೆ 6080 ರನ್, ಸರಾಸರಿ 42ರ ಹತ್ತಿರ. ಇವತ್ತಿನ ಅಂಕಿಗಳ ಎದುರು ಇದು ಸಾಧಾರಣ ಅನ್ನಿಸಬಹುದು. ಯಾವ ಪಿಚ್‌ನಲ್ಲಿ, ಯಾರೆದುರು, ಯಾವಾಗ ಎಂದು ಕೇಳದೆ ಸರಾಸರಿ ಓದುವುದು ವ್ಯರ್ಥ.

ರಾಜ್ಯದ ಮಟ್ಟದಲ್ಲಿ ಅವರ ದೊಡ್ಡ ಕೊಡುಗೆ 1974ರದ್ದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ರಣಜಿ ಸೆಮಿಫೈನಲ್‌ನಲ್ಲಿ, ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆಯನ್ನು ಬೆಂಗಳೂರಿನಲ್ಲಿ ಕಟ್ಟಿಹಾಕಿದಾಗ ವಿಶ್ವನಾಥ್ ಹೊಡೆದದ್ದು 162, ಬ್ರಿಜೇಶ್ ಪಟೇಲ್ 106. ಎರಪಳ್ಳಿ ಪ್ರಸನ್ನ ನಾಯಕರು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ತಂದಿತು. ಆ ಕಾಲದಲ್ಲಿ ಆಟದಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ಉದ್ಯೋಗಿ. ದೇಶಕ್ಕೆ ಆಡುತ್ತಿದ್ದವರಿಗೂ ಸಂಬಳ ಬ್ಯಾಂಕಿನಿಂದಲೇ ಬರಬೇಕಿತ್ತು.

ನಾಯಕರಾದದ್ದು ಎರಡೇ ಟೆಸ್ಟ್‌ಗೆ. ಎರಡನೆಯದು 1980ರ ಫೆಬ್ರವರಿಯ ಬಾಂಬೆ ಸುವರ್ಣ ಮಹೋತ್ಸವ ಟೆಸ್ಟ್, ಇಂಗ್ಲೆಂಡ್ ವಿರುದ್ಧ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ನರಳುತ್ತಿದ್ದಾಗ ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಎಂಬ ಖಾತ್ರಿ. ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ನಾಯಕತ್ವ ಮತ್ತೆ ಅವರ ಬಾಗಿಲಿಗೆ ಬರಲಿಲ್ಲ.

ಕೊನೆಯ ದೊಡ್ಡ ಇನಿಂಗ್ಸ್ 1982ರ ಜನವರಿಯಲ್ಲಿ, ಮತ್ತೆ ಚೆಪಾಕ್‌ನಲ್ಲಿ, ಇಂಗ್ಲೆಂಡ್ ವಿರುದ್ಧ 222. ಮರುವರ್ಷ ಪಾಕಿಸ್ತಾನ ಪ್ರವಾಸದಲ್ಲಿ ಇಮ್ರಾನ್ ಖಾನ್ 40 ವಿಕೆಟ್ ಕಿತ್ತ ಸರಣಿಯಲ್ಲಿ ಅವರ ಟೆಸ್ಟ್ ಬದುಕು ಕರಾಚಿಯಲ್ಲಿ ಮುಗಿಯಿತು. ನನ್ನ ಅಂದಾಜು ಹೀಗೆ. ತಡವಾಗಿ ಆಡುವವನಿಗೆ ವಯಸ್ಸು ಮೊದಲು ಕಸಿಯುವುದು ಸೆಕೆಂಡಿನ ಆ ನೂರರಲ್ಲಿ ಮೂರು ಪಾಲನ್ನೇ. ಎತ್ತರದವನು ಕಣ್ಣು ಮಂದವಾದಾಗ ಕಾಲು ಮುಂದಿಟ್ಟು ಸುಧಾರಿಸಿಕೊಳ್ಳಬಲ್ಲ. ಕುಳ್ಳನಿಗೆ ಆ ದಾರಿ ಇಲ್ಲ. ಆದರೆ ಕರಾಚಿಯವರೆಗೆ ವಿಶ್ವನಾಥ್ 87 ಟೆಸ್ಟ್‌ಗಳನ್ನು ಒಂದನ್ನೂ ತಪ್ಪಿಸದೆ ಸತತವಾಗಿ ಆಡಿದ್ದರು ಎಂಬುದನ್ನೂ ಮರೆಯಬಾರದು. ಬಡಕಲು ಎಂದು ಬದಿಗಿಟ್ಟ ದೇಹ ಅದು.

ಇನ್ನು ನಮ್ಮ ಊರುಗಳ ಮಾತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆ ನಿಂತ ಮೇಲೆ ಹೊನಲು ಬೆಳಕಿನ ಅಂಡರ್ ಆರ್ಮ್ ಪಂದ್ಯಾಟಗಳ ಸುಗ್ಗಿ. ಆಡುವುದು ಟೆನ್ನಿಸ್ ಚೆಂಡಿನಲ್ಲಿ. ಅಂಕಣ ಸಣ್ಣದು, ಎತ್ತಿ ಹೊಡೆದವನೇ ರಾಜ. ಅಲ್ಲಿ ತೋಳಿಗೆ ಬೆಲೆ ಇದ್ದಷ್ಟು ಮಣಿಕಟ್ಟಿಗೆ ಇಲ್ಲ, ಕುಳ್ಳ ಹುಡುಗರು ಬೌಂಡರಿ ಗೆರೆ ಕಾಯುತ್ತಾ ಉಳಿಯುತ್ತಾರೆ. ಪಂದ್ಯಾಟ ಬೇಡ ಎನ್ನುತ್ತಿಲ್ಲ, ನಾನೂ ಹೋಗಿ ಕೂತು ನೋಡುವವನೇ. ಆದರೆ ಶಾಲೆ, ತಾಲೂಕು ತಂಡ ಆರಿಸುವ ದೈಹಿಕ ಶಿಕ್ಷಕರಲ್ಲಿ, ಕ್ಲಬ್ಬಿನ ಹಿರಿಯರಲ್ಲಿ ಒಂದು ಕೋರಿಕೆ. ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡಗಿರುವ ಹುಡುಗನ ಅಥವಾ ಹುಡುಗಿಯ ಹೆಸರು ಹೊಡೆದುಹಾಕುವ ಮೊದಲು, ಲೆದರ್ ಚೆಂಡಿನಲ್ಲಿ, ಸ್ವಲ್ಪ ಹಿಂದೆ ಬೀಳುವಂತೆ, ಆಫ್ ಸ್ಟಂಪಿನ ಹೊರಗೆ ಒಂದು ಇಪ್ಪತ್ತು ಚೆಂಡು ಹಾಕಿಸಿ ನೋಡಿ. ಆಮೇಲೆ ನಿರ್ಧಾರ ನಿಮ್ಮದು.