ಹಳೆಯ ಕಾರು ಕೊಳ್ಳುವ ಮುನ್ನ



ಕಾರು ಕೊಳ್ಳುವ ವಿಷಯವನ್ನು ಶಾಲಾ ಕಾಲೇಜುಗಳಲ್ಲಿ ಓದುವ ನಮಗೇಕೆ ಹೇಳುತ್ತಿದ್ದಾರೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಿಮಗಿನ್ನೂ ಲೈಸೆನ್ಸ್ ಬಂದಿರಲಿಕ್ಕಿಲ್ಲ. ಬಂದಿದ್ದರೂ ಜೇಬಿನಲ್ಲಿ ಅಷ್ಟು ಹಣ ಇರಲಿಕ್ಕಿಲ್ಲ. ಆದರೆ ನಮ್ಮ ಅನೇಕ ಮನೆಗಳಿಗೆ ಮೊದಲ ಕಾರು ಬರುವುದು ಸೆಕೆಂಡ್ ಹ್ಯಾಂಡ್ ಕಾರಾಗಿಯೇ. ಅದನ್ನು ನೋಡಲು ಹಿರಿಯರು ಹೊರಟಾಗ ಜೊತೆಯಲ್ಲಿ ಹೋಗುವವರು ನೀವು. "ಯಾವ ಬಣ್ಣ?" ಎಂದು ಮೊದಲು ಕೇಳುವವರೂ ನೀವೇ. ತರಗತಿಯಲ್ಲಿ ಕಲಿತ ವಿಜ್ಞಾನ ಮನೆಯ ಹಣವನ್ನೂ ಮನೆಯವರ ಜೀವವನ್ನೂ ಕಾಪಾಡುವ ಸಂದರ್ಭ ಇದು. ಪರದೆಯ ಮೇಲೆ ನಿಧಾನವಾಗಿ ತೋರಿಸಲಾಗದ ಕೆಲವು ಲೆಕ್ಕಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಜೊತೆಗೆ ನಾನೇ ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ನನ್ನ ತಂಗಿ ತುಮಕೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಮನೆ ಬೆಂಗಳೂರಿನಲ್ಲಿ. ಎಷ್ಟೋ ವರ್ಷ ರೈಲಿನ ಸೀಸನ್ ಟಿಕೆಟ್‌ನಲ್ಲೇ ಓಡಾಡಿದಳು. ರೈಲು, ಬಸ್ಸುಗಳಲ್ಲಿ ಕೆಲಸ ಆಗುವುದಾದರೆ ಕಾರಿನ ಗೊಡವೆಯೇ ಬೇಡ ಎಂಬುದು ಇಂದಿಗೂ ನನ್ನ ಮೊದಲ ಸಲಹೆ. ಆದರೆ ಅವಳ ಜೊತೆಯಲ್ಲೇ ಇರುವ ನಮ್ಮ ತಾಯಿಯ ಆರೋಗ್ಯ ಕೆಟ್ಟಿತು. ಯಾವ ಹೊತ್ತಿನಲ್ಲಾದರೂ ಹೊರಟು ಮನೆ ಸೇರುವ ಅನುಕೂಲ ಅವಳಿಗೆ ಬೇಕಾಯಿತು. ಕೈಯಲ್ಲಿದ್ದುದು ಮೂರೂವರೆ ಲಕ್ಷ ರೂಪಾಯಿ. 2023ರ ಬೇಸಿಗೆಯಲ್ಲಿ ಒಂದು ದಿನ, "ಅಣ್ಣ, ನೀನು ಸೈನ್ಸ್ ಓದಿದವನು. ಒಂದು ಒಳ್ಳೆಯ ಚಿಕ್ಕ ಕಾರು ನೋಡಿಕೊಡು. ನೋಡಲೂ ಚೆನ್ನಾಗಿರಲಿ" ಎಂದಳು.

ಮೊದಲು ಲೆಕ್ಕ

ಕಾರನ್ನು ನೋಡುವುದಕ್ಕೆ ಮೊದಲು ಕಾಗದ, ಪೆನ್ಸಿಲ್ ಹಿಡಿಯಬೇಕು. ಬೆಂಗಳೂರಿನಿಂದ ತುಮಕೂರಿಗೆ ಸುಮಾರು 70 ಕಿಲೋಮೀಟರು. ಹೋಗಿ ಬರಲು 140. ತಿಂಗಳಿಗೆ 24 ದಿನವೆಂದರೆ 3,360 ಕಿಲೋಮೀಟರು. ವರ್ಷಕ್ಕೆ ಸುಮಾರು 40 ಸಾವಿರ. ಪೇಟೆಯೊಳಗೆ ಓಡಾಡುವ ಸಾಧಾರಣ ಕುಟುಂಬದ ಕಾರು ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಅವರು ನಾಲ್ಕು ವರ್ಷದಲ್ಲಿ ಸವೆಸುವಷ್ಟನ್ನು ನನ್ನ ತಂಗಿ ಒಂದೇ ವರ್ಷದಲ್ಲಿ ಸವೆಸುತ್ತಾಳೆ. ದೂರ ಓಡಾಡುವವರು ಕೊಳ್ಳುವುದು ಕಾರಿನ ಚೆಲುವನ್ನಲ್ಲ, ಅದರಲ್ಲಿ ಉಳಿದಿರುವ ಆಯುಷ್ಯವನ್ನು.

ಇನ್ನು ಪೆಟ್ರೋಲು. ಲೆಕ್ಕಕ್ಕೆ ಲೀಟರಿಗೆ ನೂರು ರೂಪಾಯಿ ಎಂದು ಹಿಡಿಯಿರಿ. ಲೀಟರಿಗೆ 18 ಕಿಲೋಮೀಟರು ಕೊಡುವ ಕಾರಿಗೆ ತಿಂಗಳಿಗೆ 187 ಲೀಟರು ಬೇಕು. 14 ಕೊಡುವ ಕಾರಿಗೆ 240 ಲೀಟರು. ವ್ಯತ್ಯಾಸ 53 ಲೀಟರು, ಅಂದರೆ ತಿಂಗಳಿಗೆ 5,300 ರೂಪಾಯಿ. ಇಪ್ಪತ್ತು ಸಾವಿರ ಕಡಿಮೆ ಬೆಲೆಗೆ ಸಿಕ್ಕಿತೆಂದು ಹೆಚ್ಚು ಪೆಟ್ರೋಲು ಕುಡಿಯುವ ಕಾರನ್ನು ತಂದರೆ, ಆ ಉಳಿತಾಯ ನಾಲ್ಕೇ ತಿಂಗಳಲ್ಲಿ ಕರಗಿಹೋಗುತ್ತದೆ.

ಮತ್ತೊಂದು ಲೆಕ್ಕವನ್ನು ಬಹಳ ಮಂದಿ ಮರೆಯುತ್ತಾರೆ. ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬಾರದು. ಟಯರು, ಬ್ಯಾಟರಿ, ಬ್ರೇಕ್ ಪ್ಯಾಡು, ಇಂಜಿನ್ ಆಯಿಲ್ ಇವುಗಳಿಗೆಂದು ಹತ್ತರಲ್ಲಿ ಒಂದು ಪಾಲನ್ನಾದರೂ ತೆಗೆದಿಡಬೇಕು.

ಕೆಂಪು ಕಾರು

ಲೆಕ್ಕವನ್ನೆಲ್ಲ ಮಾಡಿಕೊಂಡೇ ನಾವು ಕಾರು ನೋಡಲು ಹೋದದ್ದು. ಆದರೂ ಮೊದಲನೆಯ ದಿನವೇ ನಾನು ಸೋತೆ. ಮಾರಾಟಗಾರರೊಬ್ಬರ ಬಳಿ 2018ರ ಒಂದು ಕೆಂಪು ಕಾರು ನಿಂತಿತ್ತು. ಹೊಳೆಯುವ ಅಲಾಯ್ ಚಕ್ರಗಳು, ಹೊಸ ಸೀಟ್ ಕವರು, ಮೀಟರಿನಲ್ಲಿ ಬರೀ 31 ಸಾವಿರ ಕಿಲೋಮೀಟರು. ಇಪ್ಪತ್ತು ವರ್ಷಗಳಿಂದ ಕ್ಯಾಮೆರಾದ ಹಿಂದೆ ನಿಂತು ಚಿತ್ರ ಕಟ್ಟುವ ನನಗೆ ಆ ಕಾರು ನಿಂತ ರೀತಿಯೇ ಹಿಡಿಸಿಬಿಟ್ಟಿತು. ಮುಂಗಡ ಕೊಡಲು ಹತ್ತು ಸಾವಿರ ರೂಪಾಯಿಯನ್ನು ಜೇಬಿನಿಂದ ತೆಗೆದೂ ಆಗಿತ್ತು.

ತಂಗಿ ಕೈ ಹಿಡಿದಳು. "ಸ್ವಲ್ಪ ತಡಿ ಅಣ್ಣ. ಮೀಟರು ಒಂದು ದಾಖಲೆ ಅಷ್ಟೆ. ದಾಖಲೆ ಹೇಳಿದ್ದನ್ನ ವಸ್ತು ಕೂಡ ಹೇಳಬೇಕಲ್ಲ?" ಎಂದಳು. ಇತಿಹಾಸದವರು ಶಾಸನವನ್ನು ಓದಿ ಸುಮ್ಮನಾಗುವುದಿಲ್ಲ; ಅದು ಸಿಕ್ಕ ಜಾಗವನ್ನೂ ನೋಡುತ್ತಾರೆ. ವಿಜ್ಞಾನ ಓದಿದ ನಾನು ಮರೆತ ಪಾಠವನ್ನು ಅವಳು ನೆನಪಿಸಿದಳು.

ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ವಯಸ್ಸಾದವರು. ಬಾನೆಟ್ ಎತ್ತುವ ಬದಲು ಒಳಗೆ ಕುಳಿತು ಸೀಟ್ ಬೆಲ್ಟನ್ನು ಎಳೆದರು. ಎಳೆಯುತ್ತಾ ಎಳೆಯುತ್ತಾ ಪೂರ್ತಿ ಹೊರಗೆ ತಂದರು. ಬೆಲ್ಟಿನ ಕೊನೆಯ ಒಂದು ಗೇಣಿನಲ್ಲಿ ಕಂದು ಬಣ್ಣದ ಗೆರೆ, ಕೈಗೆ ಅಂಟುವ ಸಣ್ಣ ಮಣ್ಣು. ಡಿಕ್ಕಿಯಲ್ಲಿ ಸ್ಟೆಪ್ನಿಯನ್ನು ಎತ್ತಿದರೆ ಅಲ್ಲೂ ಅದೇ ಮಣ್ಣು. ಸೀಟಿನ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. "ಈ ಗಾಡಿ ನೀರು ಕುಡಿದಿದೆ ಸಾರ್" ಎಂದರು. 2022ರ ಆಗಸ್ಟ್ ಕೊನೆಯಲ್ಲಿ ಮತ್ತು ಸೆಪ್ಟೆಂಬರಿನ ಮೊದಲಲ್ಲಿ ಸುರಿದ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಈ ಕಾರು ಮುಳುಗಿದ್ದು ಅಲ್ಲೋ ಬೇರೆಡೆಯೋ, ತಿಳಿಯಲಿಲ್ಲ. ಮಾರಾಟಗಾರರು ತಮಗೆ ಗೊತ್ತಿಲ್ಲವೆಂದರು.

ಮುಳುಗಿದ ಕಾರು ಒಣಗಿದ ಮೇಲೆ ಚೆನ್ನಾಗಿಯೇ ಓಡುತ್ತದೆ. ಅಪಾಯ ಇರುವುದು ಅಲ್ಲೇ. ವೈರಿನ ಜೋಡಣೆಗಳಲ್ಲಿ ಉಳಿದ ತೇವ ತಿಂಗಳುಗಟ್ಟಲೆ ಲೋಹವನ್ನು ತಿನ್ನುತ್ತದೆ. ಏರ್‌ಬ್ಯಾಗನ್ನು ನಿಯಂತ್ರಿಸುವ ಪೆಟ್ಟಿಗೆ ಅನೇಕ ಕಾರುಗಳಲ್ಲಿ ಮುಂದಿನ ಎರಡು ಸೀಟುಗಳ ನಡುವೆ, ನೆಲದ ಮಟ್ಟದಲ್ಲಿ ಇರುತ್ತದೆ. ನೀರು ಮೊದಲು ತಲುಪುವ ಜಾಗ ಅದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಕೆಂಪು ಕಾರಿಗೂ ಸಲ್ಲುತ್ತದೆ.

ವಸ್ತು ಏನು ಹೇಳುತ್ತದೆ?

ಆಮೇಲೆ ನಾವು ನೋಡಿದ ಪ್ರತಿಯೊಂದು ಕಾರಿಗೂ ಒಂದೇ ಕ್ರಮವನ್ನು ಅನುಸರಿಸಿದೆವು. ಪ್ರಯೋಗಶಾಲೆಯಲ್ಲಿ ಮಾಡುವಂತೆ, ನಮಗೆ ಬೇಕಾದ ಉತ್ತರವನ್ನು ಹುಡುಕದೆ, ಅದನ್ನು ಸುಳ್ಳಾಗಿಸುವ ಪುರಾವೆಯನ್ನು ಹುಡುಕಿದೆವು.

ಮೊದಲನೆಯದು ಟಯರು. ಟಯರಿನ ಪಕ್ಕದಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 3521 ಎಂದಿದ್ದರೆ 2021ರ 35ನೆಯ ವಾರದಲ್ಲಿ ತಯಾರಾದದ್ದು ಎಂದು ಅರ್ಥ. 2018ರ ಕಾರು ಬರೀ 20 ಸಾವಿರ ಕಿಲೋಮೀಟರು ಓಡಿದೆ ಎಂದು ಮೀಟರು ಹೇಳುತ್ತಿದ್ದು, ನಾಲ್ಕೂ ಟಯರು 2021ರಲ್ಲಿ ತಯಾರಾಗಿದ್ದರೆ, ಅಷ್ಟು ಬೇಗ ಟಯರು ಏಕೆ ಬದಲಾಯಿತು ಎಂದು ಕೇಳಲೇಬೇಕು. ಕ್ಲಚ್, ಬ್ರೇಕ್ ಪೆಡಲುಗಳ ರಬ್ಬರು ನುಣ್ಣಗಾಗಿದೆಯೇ, ಸ್ಟೀರಿಂಗ್ ಚಕ್ರ ಸವೆದು ಹೊಳೆಯುತ್ತಿದೆಯೇ ನೋಡಿ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಸವೆದ ರಬ್ಬರನ್ನು ಬೆಳೆಸಲು ಬರುವುದಿಲ್ಲ. ಟಯರಿನ ಗೀರುಗಳ ಆಳವನ್ನೂ ಅಳೆಯಿರಿ. ಕಾನೂನಿನ ಪ್ರಕಾರ ಕಾರಿಗೆ ಕನಿಷ್ಠ 1.6 ಮಿಲಿಮೀಟರು ಇರಬೇಕು. ಹೆದ್ದಾರಿಯ ಮಳೆಯಲ್ಲಿ ಅದೂ ಸಾಲದು.

ಎರಡನೆಯದು ಮೈ. ಒಂದು ಸಣ್ಣ ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಬಾಗಿಲುಗಳ ಮೇಲೆ ಇಡುತ್ತಾ ಹೋಗಿ. ಉಕ್ಕಿನ ತಗಡಿಗೆ ಅದು ಹಿಡಿದುಕೊಳ್ಳುತ್ತದೆ. ಅಪಘಾತದ ತಗ್ಗಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದರೆ ಅಲ್ಲಿ ಹಿಡಿತ ಸಡಿಲವಾಗುತ್ತದೆ. ಬಂಪರು ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಈ ಪರೀಕ್ಷೆ ನಡೆಯದು.

ಮೂರನೆಯದು ಇಂಜಿನ್. ಕಾರು ನೋಡಲು ಬೆಳಿಗ್ಗೆಯೇ ಹೋಗಿ. ಮೊದಲು ಬಾನೆಟ್ ಮುಟ್ಟಿ. ಬಿಸಿಯಿದ್ದರೆ ನಿಮಗಿಂತ ಮೊದಲೇ ಯಾರೋ ಇಂಜಿನ್ ಓಡಿಸಿದ್ದಾರೆ. ತಣ್ಣಗಿದ್ದಾಗ ಕಾಣುವ ದೋಷ ಮರೆಯಾಗಿರಬಹುದು. ಸ್ಟಾರ್ಟ್ ಮಾಡಿದ ಮೇಲೆ ಹೊಗೆಯ ಬಣ್ಣ ಗಮನಿಸಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಇಂಜಿನ್ ತಂಪು ಮಾಡುವ ನೀರು ಒಳಗೆ ಸೋರುತ್ತಿರಬಹುದು. ನಂತರ ಕಾರನ್ನು ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷವಾದರೂ ಓಡಿಸಬೇಕು. ಬೀದಿಯಲ್ಲಿ ಒಂದು ಸುತ್ತು ಹಾಕಿದರೆ, ದಿನಕ್ಕೆ 140 ಕಿಲೋಮೀಟರು ಓಡಬೇಕಾದ ಕಾರಿನ ಗುಣ ತಿಳಿಯುವುದಿಲ್ಲ.

ಬ್ರೇಕಿನ ಗಣಿತ

ಬ್ರೇಕಿನ ವಿಷಯದಲ್ಲಿ ನಿಮ್ಮ ಭೌತಶಾಸ್ತ್ರದ ಪುಸ್ತಕವನ್ನು ತೆರೆಯಿರಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಒಣ ರಸ್ತೆ, ಒಳ್ಳೆಯ ಟಯರು ಇದ್ದಾಗ ಗಂಟೆಗೆ 40 ಕಿಲೋಮೀಟರು ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರಿನಲ್ಲಿ ನಿಂತರೆ, 80ರ ವೇಗದಲ್ಲಿ ಸುಮಾರು 36 ಮೀಟರು ಬೇಕು. ಇದಕ್ಕೆ ಮೊದಲು, ಎದುರಿನ ಅಪಾಯ ಕಂಡು ಕಾಲು ಬ್ರೇಕ್ ಮುಟ್ಟುವ ಒಂದು ಸೆಕೆಂಡಿನಲ್ಲಿ ಕಾರು 22 ಮೀಟರು ಮುಂದೆ ಹೋಗಿರುತ್ತದೆ. ಒಟ್ಟು 58 ಮೀಟರು. ನೆಲಮಂಗಲ ದಾಟಿದ ಮೇಲೆ ಈ ವೇಗ ಮಾಮೂಲು. ಸವೆದ ಟಯರಿನ ಬೆಲೆ ತಿಳಿಯುವುದು ಆಗ.

ಆದ್ದರಿಂದ ಕಾರಿನ ವರ್ಷವನ್ನೂ ಮಾದರಿಯ ದರ್ಜೆಯನ್ನೂ ಸರಿಯಾಗಿ ನೋಡಬೇಕು. ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ. ಚಾಲಕರ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2022ರ ಆರಂಭದಿಂದ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಒಂದೇ ಮಾದರಿಯ ಒಂದು ದರ್ಜೆಯಲ್ಲಿ ಇವು ಇರುತ್ತಿದ್ದವು, ಇನ್ನೊಂದರಲ್ಲಿ ಇರುತ್ತಿರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಏರ್‌ಬ್ಯಾಗ್ ಇಲ್ಲದ ಪೋಲೊ ಕಾರಿಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂತು. ಎರಡು ಏರ್‌ಬ್ಯಾಗ್ ಇದ್ದ ಅದೇ ಪೋಲೊಗೆ ನಾಲ್ಕು ನಕ್ಷತ್ರ ಬಂತು. ದೂರದಿಂದ ನೋಡಿದರೆ ಎರಡೂ ಒಂದೇ ಕಾರು!

ಕಾಗದ ಪತ್ರಗಳು

ಆರ್‌ಸಿಯಲ್ಲಿರುವ ಇಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳೊಡನೆ ಒಂದೊಂದೇ ಅಂಕಿಯಂತೆ ಹೋಲಿಸಿ. ಸಾಲ ಇತ್ತೆಂದಾದರೆ ಅದು ತೀರಿದೆ ಎಂಬುದಕ್ಕೆ ಬ್ಯಾಂಕಿನ ಪತ್ರವೂ ಫಾರಂ 35ವೂ ಬೇಕು. ಬಾಕಿ ದಂಡಗಳಿವೆಯೇ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಎಷ್ಟು ವರ್ಷ ಉಳಿದಿದೆ ಲೆಕ್ಕ ಹಾಕಿ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ವಿಮೆಯನ್ನೂ ನಿಮ್ಮ ಮನೆಯವರ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದನ್ನು ಮುಂದೂಡುವುದು ಇಬ್ಬರಿಗೂ ಅಪಾಯ. ಕಾರು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಬಿಡಿಭಾಗಗಳ ವಿಚಾರವೂ ಇದೆ. ಮಾರುತಿ 800 ಕಾರು 1983ರಿಂದ 2014ರವರೆಗೆ ತಯಾರಾಯಿತು. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಊರೂರಿನಲ್ಲೂ ಇದ್ದ. ಕೆಲವು ಸೊಗಸಾದ ಮಾದರಿಗಳು ಈಗ ತಯಾರಾಗುತ್ತಿಲ್ಲ. ಕೆಲವು ಕಂಪನಿಗಳು ಇಲ್ಲಿ ತಯಾರಿಕೆಯನ್ನೇ ನಿಲ್ಲಿಸಿವೆ. ಅಂಥವನ್ನು ಕೊಳ್ಳಲೇಬಾರದು ಎಂದಲ್ಲ. ನೀವು ದಿನವೂ ಓಡಾಡುವ ದಾರಿಯಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ.

ಸೊಗಸು ಬೇಡವೇ?

ಖಂಡಿತ ಬೇಕು. ದಿನಕ್ಕೆ ಮೂರು ಗಂಟೆ ಕುಳಿತುಕೊಳ್ಳುವ ಜಾಗ ಮನಸ್ಸಿಗೆ ಹಿತವಾಗಿರಬೇಕು. ಆದರೆ ಸೊಗಸನ್ನು ಒಳಗೆ ಕುಳಿತು ಅಳೆಯಿರಿ. ಸೊಂಟಕ್ಕೆ ಸೀಟು ಆಸರೆ ಕೊಡುತ್ತದೆಯೇ, ಕನ್ನಡಿಯಲ್ಲಿ ಹಿಂದಿನ ಲಾರಿ ಪೂರ್ತಿ ಕಾಣುತ್ತದೆಯೇ, ರಾತ್ರಿ ಹೆಡ್‌ಲೈಟಿನ ಬೆಳಕು ಸಾಕೇ? ಒಳ್ಳೆಯ ಆಕಾರ ಹತ್ತು ವರ್ಷವಾದರೂ ಹಳತಾಗುವುದಿಲ್ಲ. ಹೊಸದಾಗಿ ಅಂಟಿಸಿದ ಅಲಂಕಾರ ಹತ್ತು ತಿಂಗಳಲ್ಲಿ ಹಳತಾಗುತ್ತದೆ.

ಕೊನೆಗೆ ನಾವು ತಂದದ್ದು ನಿವೃತ್ತ ಶಿಕ್ಷಕರೊಬ್ಬರು ಓಡಿಸುತ್ತಿದ್ದ 2017ರ ಬೂದು ಬಣ್ಣದ ಕಾರು. ಮೀಟರಿನಲ್ಲಿ 58 ಸಾವಿರ. ಎಡ ಬಾಗಿಲಿನಲ್ಲಿ ಒಂದು ತಗ್ಗು. ಎಬಿಎಸ್ ಇತ್ತು, ಎರಡು ಏರ್‌ಬ್ಯಾಗ್ ಇದ್ದವು, ಪ್ರತಿ ಸರ್ವೀಸಿನ ಬಿಲ್ಲನ್ನೂ ಅವರು ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಬೆಲೆ ಮೂರು ಲಕ್ಷದ ಹತ್ತು ಸಾವಿರ. ಉಳಿದ ನಲವತ್ತರಲ್ಲಿ ನಾಲ್ಕು ಟಯರು, ಒಂದು ಬ್ಯಾಟರಿ ಬಂದವು. ಮರುವರ್ಷ ಕ್ಲಚ್ ಪ್ಲೇಟ್ ಹಾಕಿಸಬೇಕಾಯಿತು. ಅದು ಸವೆತದ ಖರ್ಚು, ಮೋಸದ ಖರ್ಚಲ್ಲ.

ಒಂದು ಸಂಜೆ ತಾಯಿಗೆ ಉಸಿರಾಟದ ತೊಂದರೆಯೆಂದು ನೆರೆಯವರು ಕಾಲೇಜಿಗೆ ಫೋನ್ ಮಾಡಿದರು. ಹೊರಗೆ ಜೋರು ಮಳೆ. ತಂಗಿ ಒಬ್ಬಳೇ ಹೊರಟು, ವೇಗ ಏರಿಸದೆ, ಎರಡು ಗಂಟೆಯಲ್ಲಿ ಮನೆ ತಲುಪಿ, ಅಮ್ಮನನ್ನು ಅದೇ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದಳು. ಅಮ್ಮ ಗುಣವಾಗಿ ಮನೆಗೆ ಬಂದರು. ಆ ರಾತ್ರಿ ದಾರಿಯಲ್ಲಿದ್ದುದು ಕೆಂಪು ಕಾರಾಗಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ. ಬಾಗಿಲಿನ ಆ ತಗ್ಗನ್ನು ಅವಳು ಇನ್ನೂ ರಿಪೇರಿ ಮಾಡಿಸಿಲ್ಲ.

ಮಿತ್ರರೇ, ಇವತ್ತು ಸಂಜೆ ಒಂದು ಸಣ್ಣ ಕೆಲಸ ಮಾಡಿ. ಮನೆಯ ಕಾರಿನದೋ ಸ್ಕೂಟರಿನದೋ, ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ ಅವರ ವಾಹನದ್ದೋ ಟಯರಿನ ಬಳಿ ಕುಳಿತು ಆ ನಾಲ್ಕು ಅಂಕಿಗಳನ್ನು ಓದಿ. ಆಮೇಲೆ ಮೀಟರಿನಲ್ಲಿರುವ ಕಿಲೋಮೀಟರನ್ನು ಬರೆದುಕೊಳ್ಳಿ. ಎರಡೂ ಒಂದೇ ಕಥೆ ಹೇಳುತ್ತವೆಯೇ ನೋಡಿ. ಹೇಳದಿದ್ದರೆ, ಏಕೆಂದು ವಾಹನದ ಯಜಮಾನರನ್ನು ಕೇಳಿ ತಿಳಿಯಿರಿ.