ಹಿರಿಯರ ಕೈಯಲ್ಲಿ ಸ್ಮಾರ್ಟ್‌ಫೋನು



ಕುಟುಂಬ ಕಲ್ಯಾಣವೆಂದರೆ ತಾಯಿ ಮಕ್ಕಳ ಆರೋಗ್ಯವೊಂದೇ ಅಲ್ಲ. ಮನೆಯ ಹಿರಿಯರ ನೆಮ್ಮದಿಯೂ ಅದರಲ್ಲಿ ಸೇರಿದೆ. ಆದುದರಿಂದ ಇಂದು ಅವರ ಕೈಯಲ್ಲಿರುವ ಸ್ಮಾರ್ಟ್‌ಫೋನಿನ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಹೃದಯದ ತೊಂದರೆಯುಳ್ಳ ತಂದೆತಾಯಿಗಳನ್ನು ನಿಮ್ಮಲ್ಲಿ ಕೆಲವರು ಬೆಂಗಳೂರಿನ ಜಯನಗರದಲ್ಲಿರುವ ಜಯದೇವ ಆಸ್ಪತ್ರೆಗೆ ಕರೆತಂದಿರಬಹುದು. 2025ರ ಆಗಸ್ಟ್ ತಿಂಗಳಿನಿಂದ ಅದರ ಬಳಿಯಲ್ಲಿಯೇ ಮೆಟ್ರೋ ನಿಲ್ದಾಣವಿದೆ. ಅಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಮೆಟ್ರೋ ಕಾರ್ಡನ್ನು ದ್ವಾರಕ್ಕೆ ಒಮ್ಮೆ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಎಪ್ಪತ್ತು ದಾಟಿದ ಅಜ್ಜಿಯೂ ಇದನ್ನು ಸುಲಭವಾಗಿ ಕಲಿಯಬಲ್ಲರು. 2022ರ ನವೆಂಬರಿನಲ್ಲಿ ಫೋನಿನ ಮೂಲಕವೂ ಟಿಕೆಟ್ ಪಡೆಯುವ ಸೌಲಭ್ಯ ಬಂದಿತು. ಅದಕ್ಕೆ ನಿಲ್ದಾಣಗಳನ್ನು ಆರಿಸಬೇಕು, ಹಣ ಪಾವತಿ ಮಾಡಬೇಕು, ಬಂದ ಕ್ಯೂಆರ್ ಚಿತ್ರವನ್ನು ಹುಡುಕಿ ದ್ವಾರಕ್ಕೆ ತೋರಿಸಬೇಕು. ಯುವಕರಿಗೆ ಇದು ಅನುಕೂಲ; ಅಜ್ಜಿಗೆ ತೊಡಕು. ಅಜ್ಜಿ ಅವರೇ, ಅವರ ಬುದ್ಧಿಯೂ ಅದೇ. ಬದಲಾದುದು ಸಾಧನದ ರಚನೆ ಮಾತ್ರ.

ಈ ತೊಡಕಿಗೆ ಕಾರಣಗಳೇನು? ನಲವತ್ತರ ನಂತರ ಹತ್ತಿರದ ದೃಷ್ಟಿ ಮಂದವಾಗುತ್ತದೆ. ಫೋನಿನ ಅಕ್ಷರಗಳಾದರೋ ಸಣ್ಣವು, ಬಣ್ಣವೂ ಮಸುಕು. ವಯಸ್ಸಾದಂತೆ ಬೆರಳಿನ ಚರ್ಮ ಒಣಗುವುದರಿಂದ ಪರದೆ ಕೆಲವೊಮ್ಮೆ ಸ್ಪರ್ಶವನ್ನು ಗುರುತಿಸದು. ಬೆರಳು ತುಸು ಹೆಚ್ಚು ಹೊತ್ತು ನಿಂತರೆ ಬೇರೊಂದು ಕಾರ್ಯವೇ ಆಗಿಬಿಡುತ್ತದೆ. ಮೂರು ಚುಕ್ಕಿ, ಮೂರು ಗೆರೆಗಳಂತಹ ಗುರುತುಗಳಿಗೆ ಹೆಸರೇ ಇರುವುದಿಲ್ಲ. ಕಲಿತ ಜಾಗವೂ ಹೊಸ ಆವೃತ್ತಿ ಬಂದಾಗ ಬದಲಾಗುತ್ತದೆ.

ಇದರಿಂದಾಗುವ ಹಾನಿ ಅಲ್ಪವಲ್ಲ. "ನನಗೆ ತಿಳಿಯದು" ಎಂದು ಹಿರಿಯರು ಫೋನನ್ನು ಮೂಲೆಗಿಡುತ್ತಾರೆ. ಮಕ್ಕಳ ಗದರಿಕೆಗೆ ಅಂಜಿ ಕೇಳುವುದನ್ನೇ ಬಿಡುತ್ತಾರೆ. ದೂರದ ಮಗಳೊಡನೆ ಮಾತು ನಿಲ್ಲುತ್ತದೆ. ಎದೆನೋವು ಬಂದಾಗ ಕರೆಮಾಡಲಾಗದೆ ಅಮೂಲ್ಯ ಕಾಲ ಕಳೆಯುತ್ತದೆ. ಈ ಗೊಂದಲವೇ ವಂಚಕರಿಗೆ ಬಂಡವಾಳವೂ ಆಗುತ್ತದೆ.

ಆದುದರಿಂದ ದಂಪತಿಗಳಿಬ್ಬರೂ ಕುಳಿತು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಿರಿ:

1. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರಗಳನ್ನು ದೊಡ್ಡದು ಮಾಡಿರಿ.

2. ಮೊದಲ ಪರದೆಯಲ್ಲಿ ಅವರಿಗೆ ಬೇಕಾದ ನಾಲ್ಕೈದು ಗುರುತುಗಳನ್ನು ಮಾತ್ರ ಉಳಿಸಿರಿ. ಅವುಗಳ ಜಾಗವನ್ನು ಬದಲಿಸದಿರಿ.

3. ಮನೆಯವರ ಸಂಖ್ಯೆಗಳನ್ನು ಭಾವಚಿತ್ರ ಸಹಿತ ಸೇರಿಸಿರಿ. ಆಂಬ್ಯುಲೆನ್ಸ್ ಸಂಖ್ಯೆ 108, ಹಿರಿಯರ ಸಹಾಯವಾಣಿ 14567, ಹಣ ವಂಚನೆಯ ದೂರಿಗೆ 1930, ಇವುಗಳನ್ನು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ.

4. ಹಣ ಪಡೆಯಲು ಯು.ಪಿ.ಐ. ಪಿನ್ ಎಂದಿಗೂ ಬೇಕಿಲ್ಲ, ಕಳುಹಿಸಲು ಮಾತ್ರ ಬೇಕು ಎಂಬುದನ್ನು ಮನದಟ್ಟು ಮಾಡಿಕೊಡಿರಿ. ಓ.ಟಿ.ಪಿ.ಯನ್ನು ಯಾರಿಗೂ ಹೇಳಬಾರದೆಂದೂ ತಿಳಿಸಿರಿ.

5. ಫೋನನ್ನು ಅವರ ಕೈಯಿಂದ ಕಸಿದು ನೀವೇ ಒತ್ತಬೇಡಿರಿ. ಅವರ ಬೆರಳಿನಿಂದಲೇ ಮಾಡಿಸಿರಿ. ದಿನಕ್ಕೊಂದು ವಿಷಯ ಸಾಕು.

ನೀವು ಎಡವಿ ಬಿದ್ದಾಗ ಗದರದೆ, ಕೈಹಿಡಿದು ನಡೆಯಲು ಕಲಿಸಿದವರು ಅವರು. ಅದೇ ತಾಳ್ಮೆಯನ್ನು ಇಂದು ಅವರಿಗೆ ತೋರಿಸುವುದು ನಿಮ್ಮ ಕರ್ತವ್ಯ. ತಪ್ಪು ಹಿರಿಯರದಲ್ಲ, ಅವರನ್ನು ನೆನೆಯದೆ ರೂಪಿಸಿದ ಸಾಧನದ್ದು ಎಂಬ ಮಾತನ್ನು ಅವರಿಗೆ ಈ ದಿನವೇ ಹೇಳಿರಿ.